ಸೊಂಟನೋವಿಗೆ ಒಬ್ಬರು ಸಾಕೇ, ತಂಡವೇ ಬೇಕೇ?

ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದ ಸೊಂಟನೋವು ಹೊತ್ತು ಬಂದವರನ್ನು ಬೆನ್ನೊತ್ತಿ ನೋವು ಇಳಿಸುವ ಒಬ್ಬ ನುರಿತ ಕೈರೋಪ್ರಾಕ್ಟರ್ ಕೈಗೆ ಒಪ್ಪಿಸಿದರೆ ಸಾಕೇ? ಇಲ್ಲ, ವೈದ್ಯರು, ವ್ಯಾಯಾಮ ಹೇಳಿಕೊಡುವವರು, ಮನಶ್ಶಾಸ್ತ್ರಜ್ಞರು, ಮಸಾಜ್ ಮಾಡುವವರು ಎಲ್ಲರೂ ಒಟ್ಟಿಗೆ ಕೂತು ನೋಡಬೇಕೇ? ಈ ಎರಡನ್ನೂ ಎದುರುಬದುರು ನಿಲ್ಲಿಸಿ ಪರೀಕ್ಷಿಸಿದ ಪ್ರಯೋಗ ಎಂದರೆ ಮೊದಲು ನೆನಪಾಗುವುದು ಅಮೆರಿಕದ ಮಿನೆಸೋಟಾ ರಾಜ್ಯದ್ದು. ಬ್ಲೂಮಿಂಗ್ಟನ್ ಊರಿನ ನಾರ್ತ್‌ವೆಸ್ಟರ್ನ್ ಹೆಲ್ತ್ ಸೈನ್ಸಸ್ ಯೂನಿವರ್ಸಿಟಿಯಲ್ಲಿ ಗೆರ್ಟ್ ಬ್ರಾನ್‌ಫೋರ್ಟ್ ಮತ್ತು ಸಂಗಡಿಗರು 201 ಜನರನ್ನು ಸೇರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 12 ವಾರ ಕೈರೋಪ್ರಾಕ್ಟಿಕ್ ಚಿಕಿತ್ಸೆ, ಇನ್ನೊಂದಕ್ಕೆ ಅಷ್ಟೇ ಕಾಲ ತಂಡದ ಚಿಕಿತ್ಸೆ. ಶುರುವಾದಂದಿನಿಂದ ಒಂದು ವರ್ಷದವರೆಗೆ ಎಲ್ಲರನ್ನೂ ವಿಚಾರಿಸಿಕೊಂಡರು. ಪ್ರಯೋಗದ ರೂಪುರೇಷೆ ಅಚ್ಚಾದದ್ದು 2010ರಲ್ಲಿ, ಫಲಿತಾಂಶ ಹೊರಬಿದ್ದದ್ದು 2022ರಲ್ಲಿ. ಸೊಂಟನೋವಿನ ಸಂಶೋಧನೆಯೂ ಸೊಂಟನೋವಿನಷ್ಟೇ ನಿಧಾನ.

ತಂಡ ಎಂದರೆ ಅಲ್ಲಿ ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೈರೋಪ್ರಾಕ್ಟಿಕ್, ಅಕ್ಯುಪಂಕ್ಚರ್ ಮತ್ತು ಚೀನೀ ವೈದ್ಯ, ಮಸಾಜ್, ವ್ಯಾಯಾಮ, ಯೋಚನಾಕ್ರಮವನ್ನು ತಿದ್ದುವ ಮನೋಚಿಕಿತ್ಸೆ, ಔಷಧಿ, ತನ್ನ ಆರೈಕೆ ತಾನೇ ಮಾಡಿಕೊಳ್ಳುವ ತಿಳಿವಳಿಕೆ ಇವೆಲ್ಲ ಒಂದೇ ಸೂರಿನಡಿ ಇದ್ದವು. ಬೇರೆಬೇರೆ ಪದ್ಧತಿಯವರು ನಿಯಮಿತವಾಗಿ ಸಭೆ ಸೇರಿ ಒಬ್ಬೊಬ್ಬ ರೋಗಿಯ ಬಗ್ಗೆಯೂ ಚರ್ಚಿಸುತ್ತಿದ್ದರು. ಹೊಂದುವಂಥ ಒಂದಷ್ಟು ಆಯ್ಕೆಗಳನ್ನು ರೋಗಿಯ ಮುಂದಿಡುತ್ತಿದ್ದರು. ಯಾವುದು ಬೇಕೆಂದು ಆರಿಸಿಕೊಳ್ಳುವುದು ರೋಗಿಗೆ ಬಿಟ್ಟದ್ದು. ಸೂಜಿ ಹಿಡಿಯುವವರು, ಮಾತ್ರೆ ಬರೆಯುವವರು, ಬೆನ್ನು ಒತ್ತುವವರು ಒಂದೇ ಮೇಜಿನ ಸುತ್ತ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವುದು ನಮ್ಮಲ್ಲಿರಲಿ, ಅಮೆರಿಕದಲ್ಲೂ ದಿನನಿತ್ಯದ ಸಂಗತಿಯಲ್ಲ.

ಇನ್ನೊಂದು ಗುಂಪಿನ ಕೈರೋಪ್ರಾಕ್ಟರುಗಳೂ ಬರೀ 'ಲಟಕ್' ಅನ್ನಿಸಿ ಕಳಿಸುವವರಲ್ಲ. ಬೆನ್ನುಮೂಳೆಯ ಕೀಲುಗಳನ್ನು ಒತ್ತಿ ಸಡಿಲಿಸುವುದರ ಜೊತೆಗೆ ಸ್ನಾಯುಗಳನ್ನು ತಿಕ್ಕುವುದು, ವ್ಯಾಯಾಮ ಹೇಳಿಕೊಡುವುದು, ಹೇಗೆ ಕೂರಬೇಕು ಹೇಗೆ ಏಳಬೇಕು ಎಂದು ತಿಳಿಹೇಳುವುದು ಎಲ್ಲಕ್ಕೂ ಅವರಿಗೆ ಅವಕಾಶವಿತ್ತು. ರೋಗಿ ನೋಡಿ ಚಿಕಿತ್ಸೆ ಎಂಬುದು ಎರಡೂ ಕಡೆಯ ನಿಯಮ.

ಕೊನೆಗೆ ಸಿಕ್ಕಿದ್ದು ಇಷ್ಟು. ಎರಡೂ ಗುಂಪಿನವರಿಗೆ ನೋವು ಕಡಿಮೆಯಾಯಿತು, ಓಡಾಟ ಸುಧಾರಿಸಿತು. ತಂಡದ ಗುಂಪು ಸ್ವಲ್ಪ ಮುಂದಿತ್ತು. ಆದರೆ ನೋವನ್ನು ಸೊನ್ನೆಯಿಂದ 10ರವರೆಗೆ ಅಳೆದರೆ, ಎರಡು ಗುಂಪುಗಳ ಸರಾಸರಿಯ ನಡುವಿನ ಅಂತರ ಒಂದು ಅಂಕವೂ ಇರಲಿಲ್ಲ. ತಂಡ ಕಟ್ಟಲು, ಸಭೆ ನಡೆಸಲು ಬೇಕಾದ ಜನ ಮತ್ತು ಹಣವನ್ನು ಲೆಕ್ಕಕ್ಕೆ ತಂದರೆ ಈ ಸಣ್ಣ ಲಾಭಕ್ಕೆ ಅಷ್ಟೆಲ್ಲ ಮಾಡುವುದು ಲಾಯಕ್ಕೋ ಅಲ್ಲವೋ ಎಂದು ಸಂಶೋಧಕರೇ ಅನುಮಾನ ಮುಂದಿಟ್ಟರು. ಆ ವಿಶ್ವವಿದ್ಯಾಲಯ ಹುಟ್ಟಿದ್ದೇ ಕೈರೋಪ್ರಾಕ್ಟಿಕ್ ಕಾಲೇಜಾಗಿ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ತಪ್ಪಿಲ್ಲ. ಆದರೂ ಗೆದ್ದದ್ದು ತಂಡವೇ ಎಂದು ಅವರು ಮುಚ್ಚಿಡದೆ ಬರೆದಿದ್ದಾರೆ.

ಹಾಗಾದರೆ ವಿಷಯ ಇಲ್ಲಿಗೆ ಮುಗಿಯಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಈ ಒಂದು ಪ್ರಯೋಗದ ಹಿಂದೆ ಎರಡು ಹಳೆಯ ಕಥೆಗಳಿವೆ. ಅವನ್ನು ಬಿಟ್ಟು ಈ ಅಂಕೆಯನ್ನಷ್ಟೇ ಹಿಡಿದರೆ ದಾರಿ ತಪ್ಪುತ್ತದೆ.

ಕೈರೋಪ್ರಾಕ್ಟಿಕ್ ಹುಟ್ಟಿದ್ದು 1895ರ ಸೆಪ್ಟೆಂಬರ್‌ನಲ್ಲಿ, ಅಯೋವಾದ ಡ್ಯಾವೆನ್‌ಪೋರ್ಟ್ ಊರಲ್ಲಿ. ಡಿ.ಡಿ. ಪಾಮರ್ ಎಂಬಾತ ಅಲ್ಲಿ ಅಯಸ್ಕಾಂತ ಶಕ್ತಿಯ ಹೆಸರಿನಲ್ಲಿ ಚಿಕಿತ್ಸೆ ಕೊಡುತ್ತಿದ್ದ. ಅದೇ ಕಟ್ಟಡದಲ್ಲಿ ಕಸಗುಡಿಸುತ್ತಿದ್ದ ಹಾರ್ವೆ ಲಿಲ್ಲಾರ್ಡ್‌ಗೆ ಕಿವಿ ಕೇಳಿಸುತ್ತಿರಲಿಲ್ಲ. ಬಗ್ಗಿ ಕೆಲಸ ಮಾಡುವಾಗ ಬೆನ್ನಲ್ಲಿ ಏನೋ ಕಳಚಿದಂತಾಯಿತು, ಅಂದಿನಿಂದ ಕಿವುಡು ಎಂದು ಆತ ಹೇಳಿದನಂತೆ. ಪಾಮರ್ ಬೆನ್ನಲ್ಲಿ ಉಬ್ಬಿದ್ದ ಒಂದು ಮಣಿಯನ್ನು ಒತ್ತಿದ, ಕಿವಿ ಬಂತಂತೆ. ಕಿವಿಯ ನರ ಬೆನ್ನಿನ ದಾರಿಯಲ್ಲಿ ಹಾಯುವುದೇ ಇಲ್ಲ ಎಂದು ವೈದ್ಯರು ಅಂದಿನಿಂದ ಇಂದಿನವರೆಗೂ ನಗುತ್ತಲೇ ಬಂದಿದ್ದಾರೆ. ಪಾಮರ್ ಮಾತ್ರ ಇದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ. ಬೆನ್ನುಮಣಿಗಳು ಜಾಗ ತಪ್ಪುವುದೇ ಹೆಚ್ಚುಕಡಿಮೆ ಸಕಲ ರೋಗಕ್ಕೂ ಮೂಲ, ಅವನ್ನು ಕೂರಿಸಿದರೆ ದೇಹ ತಾನೇ ವಾಸಿಮಾಡಿಕೊಳ್ಳುತ್ತದೆ ಎಂದ. 1897ರಲ್ಲಿ ಶಾಲೆ ತೆರೆದ, 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋದ.

ವೈದ್ಯಲೋಕದ ಜೊತೆಗಿನ ಜಗಳ ಅಲ್ಲಿಂದ ಸುಮಾರು ಎಂಬತ್ತು ವರ್ಷ ನಡೆಯಿತು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1963ರಲ್ಲಿ 'ಕ್ವಾಕರಿ (ನಕಲಿ ವೈದ್ಯ) ಸಮಿತಿ' ಎಂದೇ ಒಂದನ್ನು ನೇಮಿಸಿ, ಕೈರೋಪ್ರಾಕ್ಟರುಗಳ ಜೊತೆ ಸಂಬಂಧ ಇಟ್ಟುಕೊಳ್ಳುವುದೇ ವೃತ್ತಿಧರ್ಮಕ್ಕೆ ವಿರುದ್ಧ ಎನ್ನುವ ಮಟ್ಟಕ್ಕೆ ಹೋಗಿತ್ತು. ಚೆಸ್ಟರ್ ವಿಲ್ಕ್ ಮತ್ತು ಇತರ ಕೈರೋಪ್ರಾಕ್ಟರುಗಳು 1976ರಲ್ಲಿ ಕೋರ್ಟಿಗೆ ಹೋದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಸೆಂಡಾನರ್ ಈ ಬಹಿಷ್ಕಾರ ಕಾನೂನುಬಾಹಿರ ಎಂದು ತೀರ್ಪಿತ್ತರು. ತಂಡದ ಚಿಕಿತ್ಸೆಯ ಮಾತಾಡುವಾಗ ಈ ತೀರ್ಪನ್ನು ಮರೆಯಬಾರದು. ಅದಕ್ಕೆ ಮೊದಲು ವೈದ್ಯರು, ಕೈರೋಪ್ರಾಕ್ಟರು ಒಂದೇ ಮೇಜಿಗೆ ಕೂರುವುದೇ ಅಮೆರಿಕದಲ್ಲಿ ಅಪರಾಧದಂತಿತ್ತು.

ಈಗ ಪಾಮರನ ಸಿದ್ಧಾಂತವನ್ನು ಕೈರೋಪ್ರಾಕ್ಟರುಗಳಲ್ಲೇ ಅನೇಕರು ಬದಿಗಿಟ್ಟಿದ್ದಾರೆ. ಮಣಿ ಜಾಗ ತಪ್ಪುವ ಕಲ್ಪನೆ ಐತಿಹಾಸಿಕವಾದದ್ದು, ಅದು ರೋಗಕ್ಕೆ ಕಾರಣ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ಬ್ರಿಟನ್ನಿನ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ 2010ರಲ್ಲಿ ಬರೆದುಕೊಟ್ಟಿತು. ಬೆನ್ನೊತ್ತುವಾಗಿನ 'ಲಟಕ್' ಶಬ್ದದ ಗುಟ್ಟೂ ಬಯಲಾಗಿದೆ. ಬೆರಳಿನ ನೆಟಿಕೆ ಮುರಿದಾಗ ಆಗುವಂಥದ್ದೇ ಅದು. ಕೀಲಿನ ಎರಡು ಮೈಗಳು ತಟ್ಟನೆ ದೂರವಾದಾಗ ಒಳಗಿನ ದ್ರವದಲ್ಲಿ ಅನಿಲದ ಪೊಳ್ಳು ಏಳುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಎಂ.ಆರ್.ಐ. ಯಂತ್ರದೊಳಗೆ ಬೆರಳೆಳೆದು ಇದನ್ನು ಕಣ್ಣಾರೆ ಕಂಡರು. ಅಂದರೆ ಲಟಕ್ ಎಂದ ಕೂಡಲೇ ಮೂಳೆ 'ಸೇರಿಕೊಂಡಿತು' ಎಂದುಕೊಳ್ಳುವುದು ತಪ್ಪು. ಹಾಗೆಂದು ಒತ್ತಿಸಿಕೊಂಡವರಿಗೆ ಹಗುರವಾಗುವುದು ಸುಳ್ಳಲ್ಲ. ಬಿಗಿದ ಸ್ನಾಯು ಸಡಿಲಾಗುತ್ತದೆ, ನೋವಿನ ಸಂದೇಶ ಸ್ವಲ್ಪ ಹೊತ್ತು ಮಂಕಾಗುತ್ತದೆ, ಭರವಸೆಯಿಂದ ಮುಟ್ಟುವ ಕೈಗೂ ತನ್ನದೇ ಗುಣವಿದೆ.

ಎಷ್ಟು ಗುಣ? 1990ರಲ್ಲಿ ಬ್ರಿಟನ್ನಿನ ಮೀಡ್ ಮತ್ತಿತರರು 741 ರೋಗಿಗಳನ್ನು ಕೈರೋಪ್ರಾಕ್ಟಿಕ್ ಮತ್ತು ಆಸ್ಪತ್ರೆಯ ಹೊರರೋಗಿ ವಿಭಾಗದ ನಡುವೆ ಹಂಚಿದಾಗ ಕೈರೋಪ್ರಾಕ್ಟಿಕ್ ಮೇಲುಗೈ ಪಡೆಯಿತು. ಒಂದು ಕಡೆ ಖಾಸಗಿ ಕ್ಲಿನಿಕ್ಕಿನ ಆರಾಮ, ಇನ್ನೊಂದು ಕಡೆ ಸರ್ಕಾರಿ ಆಸ್ಪತ್ರೆಯ ಸಾಲು, ಇದನ್ನೂ ಲೆಕ್ಕ ಹಾಕಿ ಎಂದು ಟೀಕಾಕಾರರು ಹೇಳಿದ್ದು ನ್ಯಾಯವೇ. 1998ರಲ್ಲಿ ಸಿಯಾಟಲ್‌ನ ಡೇನಿಯಲ್ ಚರ್ಕಿನ್ 321 ಜನರಲ್ಲಿ ಕೈರೋಪ್ರಾಕ್ಟಿಕ್, ಮೆಕೆಂಜಿ ಪದ್ಧತಿಯ ಫಿಸಿಯೋಥೆರಪಿ, ಬರೀ ಒಂದು ಕಿರುಹೊತ್ತಿಗೆ ಈ ಮೂರನ್ನು ಹೋಲಿಸಿದ. ಅವರ ನೋವು ಬಹುಪಾಲು ಹೊಸತು, ಹಳೆಯದಲ್ಲ. ಆದರೂ ಫಲಿತಾಂಶ ಮುಖಕ್ಕೆ ಹೊಡೆಯುವಂತಿದೆ. ಮೊದಲೆರಡು ಒಂದಕ್ಕೊಂದು ಸಮ, ಕಿರುಹೊತ್ತಿಗೆ ಅವಕ್ಕಿಂತ ಕೂದಲೆಳೆಯಷ್ಟು ಹಿಂದೆ. ಎರಡು ವರ್ಷದ ಖರ್ಚು ಮಾತ್ರ ಫಿಸಿಯೋಥೆರಪಿಗೆ 437 ಡಾಲರ್, ಕೈರೋಪ್ರಾಕ್ಟಿಕ್‌ಗೆ 429, ಹೊತ್ತಿಗೆಗೆ 153. 2019ರಲ್ಲಿ ರೂಬಿನ್‌ಸ್ಟೈನ್ ಮತ್ತಿತರರು 47 ಪ್ರಯೋಗಗಳ 9,211 ಜನರ ವಿವರ ಕೂಡಿಸಿ ನೋಡಿದಾಗಲೂ ಇದೇ ಮಾತು ಬಂತು. ದೀರ್ಘಕಾಲದ ಸೊಂಟನೋವಿಗೆ ಬೆನ್ನೊತ್ತುವ ಚಿಕಿತ್ಸೆ ವ್ಯಾಯಾಮದಂಥ ಇತರ ಶಿಫಾರಸಾದ ಚಿಕಿತ್ಸೆಗಳಷ್ಟೇ ಒಳ್ಳೆಯದು. ಅವಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಇನ್ನು ತಂಡದ ಕಥೆ. ಅದರ ಮೂಲಪುರುಷ ಜಾನ್ ಬೊನಿಕಾ. ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು, ವೈದ್ಯಕೀಯ ಓದಿಗೆ ದುಡ್ಡು ಹೊಂದಿಸಲು ಮುಖವಾಡ ಹಾಕಿ ವೃತ್ತಿಪರ ಕುಸ್ತಿ ಆಡಿದವನು, ಅದರಿಂದಾದ ನೋವನ್ನು ಜೀವನಪೂರ್ತಿ ಹೊತ್ತವನು. ಎರಡನೇ ಮಹಾಯುದ್ಧದಲ್ಲಿ ವಾಷಿಂಗ್ಟನ್ ರಾಜ್ಯದ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯನಾಗಿದ್ದಾಗ, ಗಾಯ ಮಾಯ್ದರೂ ನೋವು ಮಾಯದ ಸೈನಿಕರನ್ನು ಕಂಡ. ಒಬ್ಬ ವೈದ್ಯನ ಕೈಲಿ ಇದು ಆಗುವ ಕೆಲಸವಲ್ಲ ಅನ್ನಿಸಿ ಬೇರೆಬೇರೆ ತಜ್ಞರನ್ನು ಒಟ್ಟಿಗೆ ಕೂರಿಸಿದ. ಮುಂದೆ ಸಿಯಾಟಲ್‌ನಲ್ಲಿ ಇದೇ ಬಹುತಜ್ಞ ನೋವು ಚಿಕಿತ್ಸಾಲಯವಾಗಿ ಬೆಳೆಯಿತು. ಅಲ್ಲಿಯ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಇನ್ನೊಂದು ಹೆಜ್ಜೆ ಮುಂದೆ ಹೋದ. ನೋವು ಬಂದಾಗ ಮಲಗು, ಮಾತ್ರೆ ತಗೋ, ಮನೆಯವರು ಉಪಚರಿಸಲಿ ಎಂಬ ಕ್ರಮವೇ ನೋವನ್ನು ಗಟ್ಟಿಮಾಡುತ್ತದೆ, ಹಾಗಾಗಿ ಕೆಲಸವನ್ನು ನೋವಿನ ಲೆಕ್ಕದಲ್ಲಲ್ಲ, ಮೊದಲೇ ಗೊತ್ತುಮಾಡಿಕೊಂಡ ಅಳತೆಯಲ್ಲಿ ದಿನದಿನಕ್ಕೆ ಏರಿಸುತ್ತ ಹೋಗಬೇಕು ಎಂದ. 1987ರಲ್ಲಿ ಗ್ಲಾಸ್ಗೋದ ಮೂಳೆಶಸ್ತ್ರವೈದ್ಯ ಗಾರ್ಡನ್ ವಾಡೆಲ್ ಇದನ್ನೇ ಸೊಂಟನೋವಿಗೆ ಒಪ್ಪುವಂತೆ ಬರೆದು, ನೋವಿಗಿಂತ ನೋವಿನ ಭಯ ಹೆಚ್ಚು ಜನರನ್ನು ಮೂಲೆಗೆ ಕೂರಿಸುತ್ತದೆ ಎಂಬ ತಿಳಿವಳಿಕೆಗೆ ದಾರಿ ಮಾಡಿದ. ಶಸ್ತ್ರಕ್ರಿಯೆ ಮಾಡುವವನೇ ಹೀಗೆಂದದ್ದು ಸಣ್ಣ ಸಂಗತಿಯಲ್ಲ.

ಡಲ್ಲಾಸ್‌ನಲ್ಲಿ ಟಾಮ್ ಮೇಯರ್ 1980ರ ದಶಕದಲ್ಲಿ ನಡೆಸಿದ ಕಾರ್ಯಕ್ರಮವಂತೂ ಕೆಲಸದಲ್ಲಿ ಬೆನ್ನು ಮುರಿದುಕೊಂಡವರನ್ನು ಮತ್ತೆ ಕೆಲಸಕ್ಕೆ ಕಳಿಸುವುದಕ್ಕೆಂದೇ ಇದ್ದದ್ದು. ಕಾರ್ಮಿಕ ಪರಿಹಾರದ ವಿಮೆಯವರು ಅದಕ್ಕೆ ಹಣ ಕಟ್ಟುತ್ತಿದ್ದರು. ಕೆಲಸಗಾರ ಮನೆಯಲ್ಲಿ ಕೂತಷ್ಟೂ ಅವರಿಗೇ ನಷ್ಟ. ಮುಂದೆ ಸಾಮಾನ್ಯ ವಿಮಾ ಕಂಪನಿಗಳು ತಂಡದ ಬಿಲ್ಲನ್ನು ತುಂಡುತುಂಡು ಮಾಡಿ, ಫಿಸಿಯೋಥೆರಪಿಗೆ ಇಷ್ಟು, ಮನಶ್ಶಾಸ್ತ್ರಜ್ಞರಿಗೆ ಅನುಮತಿ ಇಲ್ಲ, ಇಂಜೆಕ್ಷನ್ ಆದರೆ ಸರಿ ಎಂದು ಶುರುಮಾಡಿದಾಗ ಅಮೆರಿಕದ ಇಂಥ ಚಿಕಿತ್ಸಾಲಯಗಳು ಒಂದೊಂದಾಗಿ ಬಾಗಿಲು ಹಾಕಿದವು. ಅದೇ ಹೊತ್ತಿಗೆ ಅಫೀಮಿನ ಕುಲದ ಮಾತ್ರೆಗಳು ಅಗ್ಗವಾಗಿ, ಧಾರಾಳವಾಗಿ ಬಂದವು. ಆ ಮಾತ್ರೆಗಳು ಎಷ್ಟು ಉಪಯೋಗ ಎಂಬುದು ಎರಡು ದಶಕ ಕಳೆದ ಮೇಲೆ, 2018ರಲ್ಲಿ, ಮಿನಿಯಾಪೊಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯ ಎರಿನ್ ಕ್ರೆಬ್ಸ್ 240 ಜನರನ್ನು ಒಂದು ವರ್ಷ ಗಮನಿಸಿದಾಗ ತಿಳಿಯಿತು. ಹಳೆಯ ಸೊಂಟನೋವು, ಮಂಡಿನೋವಿಗೆ ಅವು ಸಾಮಾನ್ಯ ನೋವಿನ ಮಾತ್ರೆಗಳಿಗಿಂತ ಮೇಲಲ್ಲ. ಅಷ್ಟರಲ್ಲಿ ಅಮೆರಿಕ ಅದಕ್ಕೆ ತೆತ್ತ ಬೆಲೆ ಲೋಕಕ್ಕೇ ಗೊತ್ತು.

ತಂಡದ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ದೊಡ್ಡ ಉತ್ತರ 2014ರ ಕಾಕ್ರೇನ್ ಸಮೀಕ್ಷೆ. ಸ್ಟೀವನ್ ಕ್ಯಾಂಪರ್ ಮತ್ತು ಸಂಗಡಿಗರು 41 ಪ್ರಯೋಗಗಳ 6,858 ರೋಗಿಗಳ ವಿವರ ಕೂಡಿಸಿದರು. ನೋವಿನಲ್ಲಿ, ಓಡಾಟದಲ್ಲಿ ತಂಡಕ್ಕೆ ಮೇಲುಗೈ ಇದ್ದರೂ ಅದು ಸಣ್ಣದು, ಮಿನೆಸೋಟಾದಲ್ಲಿ ಕಂಡದ್ದರ ಹಾಗೆಯೇ. ಆದರೆ ಇನ್ನೊಂದು ಅಂಕೆಯತ್ತ ಜನರ ಕಣ್ಣು ಅಷ್ಟಾಗಿ ಹೋಗಿಲ್ಲ. ಬರೀ ದೈಹಿಕ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರೆ, ತಂಡದ ಚಿಕಿತ್ಸೆ ಪಡೆದವರು ಒಂದು ವರ್ಷದ ಮೇಲೆ ಕೆಲಸದಲ್ಲಿರುವ ಸಂಭವ ಹತ್ತಿರಹತ್ತಿರ ಎರಡು ಪಟ್ಟಿತ್ತು. ನೋವಿನ ಅಂಕ ಅರ್ಧ ಇಳಿದರೂ ಬಿಟ್ಟರೂ, ಮನುಷ್ಯ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾನೆ.

ಈ ಲೇಖನದಲ್ಲಿ ನನಗೆ ಹೇಳಬೇಕಾದದ್ದು ಇದೇ. ಕೈರೋಪ್ರಾಕ್ಟಿಕ್ ಮೇಲೋ, ತಂಡ ಮೇಲೋ ಎಂಬ ವಾದವೆಲ್ಲ ನೋವಿನ ಅಂಕದ ಸುತ್ತ ನಡೆಯುತ್ತದೆ. ಆ ಅಂಕದಲ್ಲಿ ಯಾರೂ ಯಾರನ್ನೂ ದೊಡ್ಡದಾಗಿ ಸೋಲಿಸುವುದಿಲ್ಲ. ವ್ಯತ್ಯಾಸ ಇರುವುದು ನೋವಿನಿಂದ ಬದುಕು ಎಷ್ಟು ಕುಸಿದಿದೆ ಎಂಬಲ್ಲಿ. ನೋವಿದೆ, ಆದರೆ ಕೆಲಸ, ನಿದ್ದೆ, ಮನಸ್ಸು ನೆಟ್ಟಗಿವೆ ಎನ್ನುವವರಿಗೆ ಕೈರೋಪ್ರಾಕ್ಟರೋ, ಒಳ್ಳೆಯ ಫಿಸಿಯೋಥೆರಪಿಸ್ಟೋ, ಯೋಗದ ತರಗತಿಯೋ ಸಾಕು. ಅವರಿಗಾಗಿ ತಂಡ ಕಟ್ಟುವುದು ದುಂದು. ಕೆಲಸ ಬಿಟ್ಟು ತಿಂಗಳಾಯಿತು, ಬಗ್ಗಲು ಹೆದರಿಕೆ, ರಾತ್ರಿ ನಿದ್ದೆಯಿಲ್ಲ, ಮನೆಯಲ್ಲಿ ಜಗಳ ಎನ್ನುವವರ ಬೆನ್ನನ್ನು ಎಷ್ಟು ಒತ್ತಿದರೂ ಸುಖವಿಲ್ಲ. ಎರಡೂ ಥರದವರನ್ನು ಒಂದೇ ಪ್ರಯೋಗಕ್ಕೆ ಸೇರಿಸಿ ಸರಾಸರಿ ತೆಗೆದರೆ ತಂಡದ ಲಾಭ ಸಣ್ಣದಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಹೆದರಿಕೆ ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ನಮ್ಮ ಬಾಯಿಂದಲೇ. 'ಮೂಳೆ ಸವೆದಿದೆ', 'ಗ್ಯಾಪ್ ಬಂದಿದೆ', 'ಡಿಸ್ಕ್ ಜಾರಿದೆ, ಇನ್ನು ಮೇಲೆ ಕೊಡ ಎತ್ತಬೇಡಿ'. ಎಂ.ಆರ್.ಐ. ಫಿಲಂ ನೋಡುತ್ತ ಯಾರೋ ಆಡಿದ ಇಂಥ ಒಂದು ಮಾತು ಹತ್ತು ವರ್ಷ ಒಬ್ಬಾಕೆಯನ್ನು ಬಗ್ಗದಂತೆ ಮಾಡಬಲ್ಲದು. 2015ರಲ್ಲಿ ಬ್ರಿಂಜಿಕ್ಜಿ ಮತ್ತಿತರರು ನೋವೇ ಇಲ್ಲದ 3,110 ಜನರ ಬೆನ್ನಿನ ಚಿತ್ರಗಳ ಅಧ್ಯಯನಗಳನ್ನು ಕೂಡಿಸಿದರು. 20ರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಯ ಡಿಸ್ಕ್ ಸವೆದಿತ್ತು, 80ರವರಲ್ಲಿ ನೂರಕ್ಕೆ 96. ಡಿಸ್ಕ್ ಉಬ್ಬಿದ್ದವರು 20ರಲ್ಲಿ ನೂರಕ್ಕೆ 30, 80ರಲ್ಲಿ 84. ತಲೆಕೂದಲು ನರೆತ ಹಾಗೆ ಬೆನ್ನೂ ನರೆಯುತ್ತದೆ ಅಷ್ಟೇ. ಈ ತಪ್ಪನ್ನು ಕೈರೋಪ್ರಾಕ್ಟರೂ ಮಾಡುತ್ತಾರೆ, ಮೂಳೆತಜ್ಞರೂ ಮಾಡುತ್ತಾರೆ. 'ನಿಮ್ಮ ಬೆನ್ನು ಓರೆಯಾಗಿದೆ, ವಾರಕ್ಕೊಮ್ಮೆ ಬಂದು ಸರಿಮಾಡಿಸಿಕೊಳ್ಳಿ' ಎನ್ನುವ ಕೈರೋಪ್ರಾಕ್ಟರ್ ತನ್ನ ಕೈಯಿಂದ ಕೊಟ್ಟ ಗುಣವನ್ನು ಬಾಯಿಂದ ಕಳೆಯುತ್ತಾನೆ.

ಮಾರ್ಗಸೂಚಿಗಳು ಏನು ಹೇಳುತ್ತವೆ ಎಂದು ಬೇಗ ನೋಡಿಬಿಡೋಣ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಬೆನ್ನೊತ್ತುವ ಚಿಕಿತ್ಸೆ ಬೇಕಾದರೆ ಕೊಡಿ, ಆದರೆ ವ್ಯಾಯಾಮದ ಜೊತೆಗೆ ಮಾತ್ರ ಎಂದಿತು. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹಳೆಯ ಸೊಂಟನೋವಿಗೆ ಔಷಧಿಗಿಂತ ಮೊದಲು ವ್ಯಾಯಾಮ, ತಂಡದ ಪುನಶ್ಚೇತನ, ಯೋಗ, ಮನೋಚಿಕಿತ್ಸೆ, ಬೆನ್ನೊತ್ತುವಿಕೆ ಮೊದಲಾದವನ್ನು ಪಟ್ಟಿಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಈ ನೋವಿನ ಬಗ್ಗೆ ತನ್ನ ಮೊದಲ ಮಾರ್ಗಸೂಚಿ ತಂದದ್ದು 2023ರ ಡಿಸೆಂಬರ್‌ನಲ್ಲಿ. ತಿಳಿವಳಿಕೆ, ವ್ಯಾಯಾಮ, ಬೆನ್ನೊತ್ತುವಿಕೆ, ಮಸಾಜ್, ಮನೋಚಿಕಿತ್ಸೆಗೆ ಅದು ಹೂಂ ಎಂದಿತು. ಬೇಡ ಎಂದದ್ದರಲ್ಲಿ ಸೊಂಟದ ಬೆಲ್ಟ್, ಟ್ರಾಕ್ಷನ್, ಅಫೀಮಿನ ಮಾತ್ರೆ ಇವೆ. ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ಬೆಲ್ಟು ತೂಗಾಡುವುದು ಇದರಿಂದೇನೂ ನಿಂತಿಲ್ಲ.

ಇನ್ನೊಂದು ಪ್ರಯೋಗ ಈ ಇಡೀ ಚರ್ಚೆಯನ್ನೇ ಸ್ವಲ್ಪ ಓರೆಮಾಡಿತು. ಆಸ್ಟ್ರೇಲಿಯಾದ ಪೀಟರ್ ಕೆಂಟ್, ಪೀಟರ್ ಓ'ಸಲಿವನ್ ಮತ್ತಿತರರು 492 ಜನರ ಮೇಲೆ ನಡೆಸಿ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅಲ್ಲಿ ತಂಡವಿಲ್ಲ. ಒಬ್ಬನೇ ಫಿಸಿಯೋಥೆರಪಿಸ್ಟ್. ಆದರೆ ಅವನಿಗೆ ಮನಸ್ಸಿನ ಕೆಲಸದಲ್ಲೂ ತರಬೇತಿ ಆಗಿದೆ. ರೋಗಿ ಯಾವ ಚಲನೆಗೆ ಹೆದರುತ್ತಾಳೋ ಅದನ್ನೇ ಅವನ ಎದುರು ಮಾಡಬೇಕು. ನೆಲದಿಂದ ಬುಟ್ಟಿ ಎತ್ತಲು ಅಂಜಿಕೆ ಎಂದರೆ ಉಸಿರು ಬಿಡುತ್ತ, ಬೆನ್ನನ್ನು ಬಿಗಿಹಿಡಿಯದೆ, ಬುಟ್ಟಿಯನ್ನೇ ಎತ್ತಿಸುತ್ತಾರೆ. ನೋವೆಂದರೆ ಹಾನಿ ಎಂದಲ್ಲ ಎಂಬುದು ಉಪನ್ಯಾಸದಿಂದಲ್ಲ, ಬಗ್ಗಿ ಎದ್ದ ಮೇಲೆ ಏನೂ ಆಗಲಿಲ್ಲ ಎಂಬ ಅನುಭವದಿಂದ ತಲೆಗೆ ಇಳಿಯುತ್ತದೆ. 12 ವಾರದಲ್ಲಿ ಹೆಚ್ಚೆಂದರೆ ಏಳು ಭೇಟಿ, ಆರು ತಿಂಗಳಿಗೆ ಇನ್ನೊಂದು. 24 ಅಂಕಗಳ ಅಸಾಮರ್ಥ್ಯದ ಅಳತೆಯಲ್ಲಿ ಮಾಮೂಲಿ ಚಿಕಿತ್ಸೆಯವರಿಗಿಂತ 4.6 ಅಂಕ ಸುಧಾರಣೆ, ಅದೂ ಒಂದು ವರ್ಷ ಕಳೆದರೂ ಕರಗದೆ ಉಳಿದದ್ದು. ಈ ಕ್ಷೇತ್ರದಲ್ಲಿ ಅಂಥ ಅಂತರ ಅಪರೂಪ. ತಂಡ ಮಾಡುವ ಕೆಲಸವನ್ನು ಒಂದೇ ತಲೆಯಲ್ಲಿ ಕೂರಿಸಬಹುದು ಎಂದಾದರೆ, ಮಿನೆಸೋಟಾದವರು ಎತ್ತಿದ ಖರ್ಚಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ನಮ್ಮ ಕಡೆಯ ಸ್ಥಿತಿ ಬೇರೆ. ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲ. ರೀಲ್ಸ್‌ನಲ್ಲಿ ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸುವವರಲ್ಲಿ ವರ್ಷಗಟ್ಟಲೆ ಓದಿ ಬಂದವರು ಯಾರು, ನೋಡಿ ಕಲಿತವರು ಯಾರು ಎಂದು ತಿಳಿಯುವುದು ಕಷ್ಟ. ಇದು ಸಣ್ಣ ವಿಷಯವಲ್ಲ. ಸೊಂಟಕ್ಕೆ ಒತ್ತುವುದರಿಂದ ಸಾಮಾನ್ಯವಾಗಿ ಒಂದೆರಡು ದಿನದ ಮೈಕೈ ನೋವು ಬಿಟ್ಟರೆ ಕೆಡುಕು ಅಪರೂಪ. ಕುತ್ತಿಗೆಯನ್ನು ರಭಸದಿಂದ ತಿರುಗಿಸುವುದರಲ್ಲಿ ಮೆದುಳಿಗೆ ಹೋಗುವ ರಕ್ತನಾಳ ಸೀಳುವ ಅಪಾಯ, ವಿರಳವಾದರೂ, ಇದೆ. ಕ್ಷೌರದಂಗಡಿಯಲ್ಲಿ ಕೊನೆಗೆ ಕುತ್ತಿಗೆ ತಿರುಗಿಸುವ ಸೇವೆಗೂ ಈ ಮಾತು ಅನ್ವಯ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಕುಂದುತ್ತ ಹೋದರೆ, ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಇದ್ದರೆ ಯಾರ ಕೈಗೂ ಬೆನ್ನು ಕೊಡದೆ ನೆಟ್ಟಗೆ ಆಸ್ಪತ್ರೆಗೆ ಹೋಗಬೇಕು.

ಬೆನ್ನಿಗೆ ಕೈಹಾಕುವುದು ನಮಗೆ ಹೊಸದೇನಲ್ಲ. ಉಳುಕು ತೆಗೆಯುವವರು ಊರೂರಲ್ಲಿ ಇದ್ದರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಂಡರೆ ನೋವು ಹೋಗುತ್ತದೆ ಎಂಬ ನಂಬಿಕೆ ಇಂದಿಗೂ ಹಳ್ಳಿಗಳಲ್ಲಿ ಉಂಟು. ತಂಡದ ಚಿಕಿತ್ಸೆಗೆ ಹತ್ತಿರವಾದದ್ದೂ ನಮ್ಮಲ್ಲೇ ಇದೆ, ಆ ಹೆಸರಿನಲ್ಲಿ ಅಲ್ಲ ಅಷ್ಟೇ. ಬೆಂಗಳೂರಿನ ಹೊರವಲಯದ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಪದ್ಮಿನಿ ತೇಕೂರ್, ನಾಗರತ್ನ, ನಾಗೇಂದ್ರ ಮತ್ತಿತರರು ಹಳೆಯ ಸೊಂಟನೋವಿನ 80 ಜನರನ್ನು ಒಂದು ವಾರ ಅಲ್ಲೇ ಉಳಿಸಿಕೊಂಡು ಅರ್ಧ ಜನರಿಗೆ ಯೋಗ, ಪ್ರಾಣಾಯಾಮ, ಧ್ಯಾನ, ಸಮಾಲೋಚನೆ, ಇನ್ನರ್ಧಕ್ಕೆ ದೈಹಿಕ ವ್ಯಾಯಾಮ ಕೊಟ್ಟು 2008ರಲ್ಲಿ ವರದಿ ಮಾಡಿದರು. ಯೋಗದ ಗುಂಪಿನ ಅಸಾಮರ್ಥ್ಯ ಹೆಚ್ಚು ಇಳಿಯಿತು, ಬೆನ್ನು ಹೆಚ್ಚು ಸಲೀಸಾಗಿ ಬಾಗತೊಡಗಿತು. ಒಂದು ವಾರದ ಫಲಿತಾಂಶ ಎಂಬ ಮಿತಿಯನ್ನು ಮರೆಯದೆ ಇದನ್ನು ಓದಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಪದ್ಧತಿಯ ಶಿಕ್ಷಕರೂ ಸೇರಿ ಬ್ರಿಟನ್ನಿನಲ್ಲಿ 313 ಜನರಲ್ಲಿ ಅರ್ಧದಷ್ಟು ಜನರಿಗೆ 12 ವಾರ ಯೋಗ ಕಲಿಸಿದ ಪ್ರಯೋಗ 2011ರಲ್ಲಿ ಬಂತು. ವರ್ಷ ಕಳೆದ ಮೇಲೂ ಓಡಾಟದಲ್ಲಿ ಸುಧಾರಣೆ ಉಳಿದಿತ್ತು, ನೋವಿನಲ್ಲಿ ಅಷ್ಟಾಗಿ ಇರಲಿಲ್ಲ. ಇಲ್ಲಿಯೂ ಅದೇ ಕಥೆ ನೋಡಿ.

ಆದರೆ ಸಾಮಾನ್ಯ ರೋಗಿಯ ಪಾಡೇನು? ಆರ್ಥೋಪೆಡಿಕ್ ಡಾಕ್ಟರು ಮಾತ್ರೆ ಬರೆದು ಎಂ.ಆರ್.ಐ. ಮಾಡಿಸಿ ಎನ್ನುತ್ತಾರೆ. ಫಿಸಿಯೋಥೆರಪಿಯಲ್ಲಿ ಹತ್ತು ದಿನ ಕರೆಂಟು ಹಿಡಿಸಿ ಕಳಿಸುತ್ತಾರೆ. ಅತ್ತೆಮನೆಯವರು ಹೇಳಿದ ಕಡೆ ಕಟಿಬಸ್ತಿ ಆಗುತ್ತದೆ, ಪಾರ್ಕಿನಲ್ಲಿ ಯಾರೋ ಭುಜಂಗಾಸನ ಹೇಳಿಕೊಡುತ್ತಾರೆ. ಒಬ್ಬರು ನಡೆಯಿರಿ ಎಂದರೆ ಇನ್ನೊಬ್ಬರು ಮಲಗಿರಿ ಎನ್ನುತ್ತಾರೆ. ಮಿನೆಸೋಟಾದ ತಂಡದಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಇಲ್ಲೂ ಇದ್ದಾರೆ. ಇಲ್ಲದಿರುವುದು ಸಭೆ. ಅದನ್ನು ನಡೆಸುವುದು ಪ್ಲಾಸ್ಟಿಕ್ ಕವರಿನಲ್ಲಿ ಫಿಲಂಗಳನ್ನೂ ಚೀಟಿಗಳನ್ನೂ ತುಂಬಿಕೊಂಡು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಯುವ ಮಗಳು.

ಹಣದ ದಾರಿಯೂ ಓರೆಯೇ. ನಮ್ಮ ಆರೋಗ್ಯ ವಿಮೆ ಬಹುಪಾಲು ಆಸ್ಪತ್ರೆಗೆ ಸೇರಿದರೆ ಮಾತ್ರ ಕೈಬಿಚ್ಚುತ್ತದೆ. ಸೊಂಟದ ಆಪರೇಷನ್‌ಗೆ ಲಕ್ಷಗಟ್ಟಲೆ ಕೊಡುವ ಪಾಲಿಸಿ ವಾರಕ್ಕೊಂದು ಭೇಟಿಯ 12 ವಾರದ ವ್ಯಾಯಾಮಕ್ಕೆ ಕಾಸೂ ಕೊಡುವುದಿಲ್ಲ. ಅಮೆರಿಕದಲ್ಲಿ ತಂಡಗಳು ಕುಸಿದದ್ದೂ ಹೀಗೆ, ಗೆದ್ದದ್ದು ಕೆಲಸ ತಪ್ಪಿದ ನಷ್ಟವನ್ನು ತಾನೇ ಹೊರುವವನು ಬಿಲ್ಲು ಕಟ್ಟಿದ ಕಡೆ.

ಆ ಲೆಕ್ಕಕ್ಕೆ ಹೊಂದುವ ಒಂದು ವ್ಯವಸ್ಥೆ ನಮ್ಮಲ್ಲಿದೆ, ನೌಕರರ ರಾಜ್ಯ ವಿಮಾ ನಿಗಮದ ಇ.ಎಸ್.ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದ ಕಾರ್ಮಿಕರು ಅದರ ಅಡಿಯಲ್ಲಿ ಬರುತ್ತಾರೆ. ಹೊರರೋಗಿ ಚಿಕಿತ್ಸೆಯೂ ಅಲ್ಲೇ, ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಕೊಡುವುದೂ ಅದೇ. ಅಂದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮಶೀನಿನ ಮುಂದೆ ಬಗ್ಗಿ ಕೂತು ಸೊಂಟ ಹಿಡಿದುಕೊಂಡ ಹೆಣ್ಣುಮಗಳು ಮನೆಯಲ್ಲಿ ಕೂತಷ್ಟು ದಿನ ಖರ್ಚು ಬೀಳುವುದು ಆ ನಿಗಮಕ್ಕೇ. ಅವಳಿಗೆ ಬರೆದುಕೊಡುವ 91 ದಿನದ ರಜೆ ಹೆಚ್ಚುಕಡಿಮೆ ಈ ಪ್ರಯೋಗಗಳ 12 ವಾರದಷ್ಟೇ ಉದ್ದ. ಆ ಅವಧಿಯಲ್ಲಿ ಅವಳಿಗೆ ಮಲಗಿರಲು ಚೀಟಿ ಕೊಡುವ ಬದಲು, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಡಾಕ್ಟರು, ಫಿಸಿಯೋಥೆರಪಿಸ್ಟು, ಮನಶ್ಶಾಸ್ತ್ರಜ್ಞರು ವಾರಕ್ಕೊಮ್ಮೆ ಅರ್ಧ ಗಂಟೆ ಒಟ್ಟಿಗೆ ಕೂತು ಅವಳ ಕಡತ ತೆರೆದರೆ ಆಗುವ ಖರ್ಚೆಷ್ಟು, ಉಳಿಯುವ ರಜೆಯ ಹಣವೆಷ್ಟು? ಕೂಡಿಸಿ ಕಳೆದು ನೋಡಲು ಬೇಕಾದ ಕಾಗದಪತ್ರಗಳೆಲ್ಲ ನಿಗಮದ ಕೈಲೇ ಇವೆ.